ದೇವರ ಪಾಲಿನ ಕೊಬ್ಬು

ಕಳೆದ ವಾರ ಲಂಡನ್ನಿನ ಫೆಲ್ಥಮ್‌ನ ಮಾಂಸದಂಗಡಿಯಲ್ಲಿ ಕುರಿ ಮಾಂಸ ಕಡಿಸುತ್ತಿದ್ದೆ. ಅಂಗಡಿಯವನು ಒಂದು ಕಿಡ್ನಿಯನ್ನು ಸುತ್ತಲಿನ ಬಿಳಿ ಕೊಬ್ಬಿನ ಸಮೇತ ಎತ್ತಿ ಹಿಡಿದು, ಇದೂ ಬೇಕಾ ಎಂದು ಕೇಳಿದ. ಹಸಿ ಕೊಬ್ಬಿನ ತಣ್ಣನೆಯ ವಾಸನೆ ಮೂಗಿಗೆ ಬಡಿಯಿತು. ಬೇಡ ಎಂದವಳು ಕಡಿಸಿದ ಮಾಂಸವನ್ನೂ ಅಲ್ಲೇ ಬಿಟ್ಟು ಹೊರಗೆ ಬಂದುಬಿಟ್ಟೆ. ಬಸ್ ಸ್ಟಾಪಿನಲ್ಲಿ ಕೂತಾಗ ಕಣ್ಣೆದುರು ಮಾಸ್ತರ ಮುಖವೇ…

ನಾವೆಲ್ಲ ಅವರನ್ನು ಮಾಸ್ತರು ಎಂದೇ ಕರೆಯುತ್ತಿದ್ದೆವು. ಉಡುಪಿ ಕಡೆಯವರು. ವಾರದಲ್ಲಿ ಆರು ದಿನ ಮಾಂಸದಂಗಡಿಯಲ್ಲಿ ಕತ್ತಿ ಹಿಡಿದು ನಿಲ್ಲುವ ಆಸಾಮಿ ಭಾನುವಾರ ಬಲಿಪೂಜೆ ಮುಗಿದ ಮೇಲೆ ಚರ್ಚ್ ಹಾಲಿನಲ್ಲಿ ಮಕ್ಕಳಿಗೆ ಬೈಬಲ್ ಪಾಠ ಹೇಳುತ್ತಿದ್ದರು. ಬೇರೆ ಟೀಚರುಗಳು ನೋಹನ ಹಡಗಿಗೆ ಬಣ್ಣ ಹಚ್ಚಿಸುತ್ತಿದ್ದರೆ ಇವರಿಗೆ ಯಾಜಕಕಾಂಡವೇ ಆಗಬೇಕು. ಹಳೆಯ ಇಸ್ರಯೇಲರು ಯಾವ ಪ್ರಾಣಿಯನ್ನು ಹೇಗೆ ಬಲಿ ಕೊಡುತ್ತಿದ್ದರು, ಯಾವ ಭಾಗ ಯಾರಿಗೆ, ಎಲ್ಲ ಬಾಯಿಪಾಠ. "ಬಲಿ ಅಂದ್ರೆ ಎಂತ ಅಂತ ಗೊತ್ತಿಲ್ಲದೆ ಬಲಿಪೂಜೆಗೆ ಬಂದು ಎಂತ ಮಾಡುದು ಮಾರಾಯ್ತಿ?" ಎಂದು ನನ್ನನ್ನೇ ಕೇಳಿದ್ದರು.

ನಾನು ಮೈಸೂರಿನವಳು. ಗಂಡನ ಮನೆಯವರು ಕೊಂಕಣಿಗರು. ನನ್ನ ಕೊಂಕಣಿ ಕೇಳಿದರೆ ಅವರ ನೆಂಟರಿಗೆಲ್ಲ ಕಾಸಿಲ್ಲದ ತಮಾಷೆ. ಮಾಸ್ತರು ಮತ್ತು ಅವರ ಗೆಳೆಯರೊಬ್ಬರು ಮಾತ್ರ ನಗದೆ ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಆ ಗೆಳೆಯರು ಏರ್‌ಪೋರ್ಟಿನಲ್ಲಿ ಲಗೇಜ್ ಎತ್ತುವವರು, ನನ್ನ ಮಗಳ ಬಾಯಲ್ಲಿ ಏರ್‌ಪೋರ್ಟ್ ಅಂಕಲ್. ಇಬ್ಬರೂ ಒಂದೇ ವರ್ಷ ಲಂಡನ್ನಿಗೆ ಬಂದು, ಒಂದೇ ರೂಮಿನಲ್ಲಿ ಗಂಜಿ ಬೇಯಿಸಿಕೊಂಡು ಬದುಕಿದವರು.

ಒಂದು ಭಾನುವಾರ ಮಗಳನ್ನು ಕರೆದುಕೊಂಡು ಹೋಗಲು ಬಂದಾಗ ನೋಡುತ್ತೇನೆ, ಮೇಜಿನ ಮೇಲೆ ಸ್ಟೀಲ್ ಟ್ರೇ, ಟ್ರೇಯಲ್ಲಿ ಕುರಿಯ ಕಿಡ್ನಿ! ಅದನ್ನು ಮುಚ್ಚಿದ ಕೊಬ್ಬಿನ ಪದರವನ್ನು ಮಾಸ್ತರು ಬೆರಳಿನಿಂದ ಬಿಡಿಸಿ ತೋರಿಸುತ್ತಿದ್ದರು. ರಕ್ತದಲ್ಲಿ ಜೀವ ಇದೆ, ಅದನ್ನು ತಿನ್ನುವ ಹಾಗಿಲ್ಲ. ಈ ಕೊಬ್ಬು ದೇವರದ್ದು, ಯಜ್ಞವೇದಿಯ ಮೇಲೆ ಸುಡಬೇಕು. "ಪವಿತ್ರ ಅಂದ್ರೆ ಬೇರೆ ತೆಗೆದಿಟ್ಟದ್ದು. ನಮಗೆ ಬೇಡದ್ದಲ್ಲ ಮಕ್ಳೇ, ನಮ್ಮ ನಾಲಿಗೆಗೆ ತುಂಬಾ ಇಷ್ಟದ್ದು." ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದವು. ಬಾಗಿಲ ಬಳಿ ನಿಂತಿದ್ದ ಏರ್‌ಪೋರ್ಟ್ ಅಂಕಲ್ ಮಾತ್ರ ತಲೆ ಚಚ್ಚಿಕೊಂಡರು. "ಇದೆಲ್ಲ ಬೇಡ ಮಾರಾಯ. ಯಾರಾದ್ರೂ ಹೋಗಿ ಫಾದರಿಗೆ ಹೇಳ್ತಾರೆ ನೋಡು."

ಮುಂದಿನ ಶನಿವಾರ ಗಂಡನ ಕಡೆಯವರು ನಮ್ಮ ಮನೆಗೆ ಊಟಕ್ಕೆ ಬಂದರು. ಅತ್ತೆಗೆ ನಾಲ್ಕು ಸಲ ಫೋನ್ ಮಾಡಿ ಕೇಳಿಕೊಂಡು ಮೊದಲ ಸಲ ಅವರ ಕಡೆಯ ಖಾರದ ಹಂದಿ ಸಾರು, ಬಾಫಾತ್, ಮಾಡಿದ್ದೆ. ಕೊಬ್ಬಿನ ತುಂಡಿಲ್ಲದಿದ್ದರೆ ಅವರ ಪಾಲಿಗೆ ಅದು ಬಾಫಾತೇ ಅಲ್ಲ. ಒಂಬತ್ತು ವರ್ಷದ ನನ್ನ ಮಗಳು ಆ ತುಂಡುಗಳನ್ನೆಲ್ಲ ಒಂದೊಂದಾಗಿ ಹೆಕ್ಕಿ ತಟ್ಟೆಯ ಅಂಚಿಗಿಟ್ಟಳು. "ದಿಸ್ ಈಸ್ ಗಾಡ್ಸ್, ಮಮ್ಮಿ. ನೋಬಡಿ ಕ್ಯಾನ್ ಈಟ್ ಇಟ್." ಅಷ್ಟಕ್ಕೇ ಸುಮ್ಮನಿರದೆ, ಆ ಕಾಲದಲ್ಲಿ ಹಂದಿಯನ್ನೇ ಮುಟ್ಟುತ್ತಿರಲಿಲ್ಲ ಅಂತಲೂ ಸೇರಿಸಿದಳು. ಗಂಡನ ಚಿಕ್ಕಮ್ಮ ತನ್ನ ತಟ್ಟೆ ದೂಡಿ, "ಸರಿಯೇ, ಮೈಸೂರಿನವರ ಬಾಫಾತ್ ದೇವರಿಗೇ ಬಿಡುವಂಥದ್ದು" ಎಂದಳು. ಮನೆಯೆಲ್ಲ ಗೊಳ್ಳೆಂದಿತು. ನನ್ನ ಗಂಡನೂ ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು.

ಚಿಕ್ಕಮ್ಮನ ಮೇಲೆ ತೀರಿಸಿಕೊಳ್ಳಲಾಗದ ಸಿಟ್ಟನ್ನು ಮಾಸ್ತರ ಮೇಲೆ ತೀರಿಸಿಕೊಂಡೆ. ಮರುದಿನವೇ ಫಾದರ್ ಹತ್ತಿರ ಹೋಗಿ, ಮಕ್ಕಳು ಹೆದರಿಕೊಂಡಿದ್ದಾರೆ, ನನ್ನ ಮಗಳು ನಿದ್ದೆಯೇ ಮಾಡುತ್ತಿಲ್ಲ ಎಂದೆ. ಹಸಿ ಸುಳ್ಳು. ಅವಳು ಗೊರಕೆ ಹೊಡೆದು ಮಲಗುತ್ತಿದ್ದಳು! ನನ್ನ ಹೆಸರು ಹೇಳಬೇಡಿ ಫಾದರ್ ಎಂದು ಬೇಡಿಕೊಂಡೆ. ಅವರು ಹೇಳಲಿಲ್ಲ. ಮಾಸ್ತರಿಗೆ ಪಾಠದಿಂದ ಸ್ವಲ್ಪ ಬಿಡುವು ತಗೊಳ್ಳಿ ಎಂದರಂತೆ, ಆ ಬಿಡುವು ಮುಗಿಯಲೇ ಇಲ್ಲ. ಪೂಜೆ ಮುಗಿದ ಮೇಲೂ ಮಾಸ್ತರು ಕಡೇ ಬೆಂಚಿನಲ್ಲಿ ಸುಮ್ಮನೆ ಕೂತಿರುತ್ತಿದ್ದರು, ಹಾಲಿನ ಕಡೆ ಹೋಗುತ್ತಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಪಾಪನಿವೇದನೆಗೆ ಹೋಗಿ ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡೆ. ಅಲ್ಲಿ ಕೇಳಿದ್ದನ್ನು ಫಾದರ್ ಯಾರಿಗೂ ಹೇಳುವಂತಿಲ್ಲ. ಇನ್ನು ಮುಗಿಯಿತು ಅಂದುಕೊಂಡೆ. ಆದರೂ ಒಂದು ದಿನ ಅವರ ಅಂಗಡಿಯಲ್ಲಿ ಸಾಲಿನಲ್ಲಿ ನಿಂತು ಕೇಳಿದೆ. "ಮಾಸ್ತ್ರೇ, ಒಬ್ಬರ ಮೇಲೆ ಸುಳ್ಳು ಹೇಳಿದ್ರೆ ಆ ಕಾಲದಲ್ಲಿ ಏನು ಬಲಿ ಕೊಡ್ತಿದ್ರು?"

ಎಷ್ಟೋ ದಿನದ ಮೇಲೆ ಯಾರೋ ಪಾಠ ಕೇಳಿದರಲ್ಲ ಎಂದು ಅವರ ಮುಖ ಅರಳಿತು. "ಟಗರು. ಆದ್ರೆ ಸೀದಾ ಟಗರು ಹಿಡ್ಕೊಂಡು ಹೋಗ್ಲಿಕ್ಕಿಲ್ಲ ಮಾರಾಯ್ತಿ. ಮೊದ್ಲು ಆ ಮನುಷ್ಯನ ಹತ್ರ ಹೋಗ್ಬೇಕು. ಒಪ್ಪಿಕೊಳ್ಬೇಕು, ಕಳೆದದ್ದನ್ನು ತುಂಬಿ ಕೊಡ್ಬೇಕು. ಮತ್ತೆ ದೇವರ ಹತ್ರ. ಮಗಳು ಹೇಗಿದ್ದಾಳೆ? ಅವಳು ಒಳ್ಳೆ ಕೇಳ್ತಿದ್ದಳು."

ಹೇಳಬಹುದಿತ್ತು. ಹಿಂದೆ ನಾಲ್ಕು ಜನ ನಿಂತಿದ್ದರು ಎಂದು ಇಷ್ಟು ವರ್ಷ ನನಗೆ ನಾನೇ ನೆಪ ಹೇಳಿಕೊಂಡಿದ್ದೇನೆ. ಚೆನ್ನಾಗಿದ್ದಾಳೆ ಮಾಸ್ತ್ರೇ ಎಂದು ಒಂದು ಕಿಲೋ ಮಾಂಸ ತೆಗೆದುಕೊಂಡು ಮನೆಗೆ ಬಂದೆ.

ಹೋದ ಚಳಿಗಾಲದಲ್ಲಿ ಮಾಸ್ತರು ತೀರಿಕೊಂಡರು. ಮಣ್ಣಾದ ಮೇಲೆ ಚರ್ಚ್ ಹಾಲಿನಲ್ಲಿ ಚಹಾ ಕುಡಿಯುವಾಗ ಏರ್‌ಪೋರ್ಟ್ ಅಂಕಲ್ ಯಾರೊಡನೆಯೂ ಸೇರದೆ ಗೋಡೆಗೆ ಒರಗಿ ನಿಂತಿದ್ದರು. ಮಾಸ್ತರ ಹೆಂಡತಿ ನನ್ನ ಕೈ ಹಿಡಿದುಕೊಂಡು, ಗೋಡೆಯ ಕಡೆ ಕಣ್ಣು ತೋರಿಸಿ ಪಿಸುಗುಟ್ಟಿದರು. "ಫಾದರಿಗೆ ಚಾಡಿ ಹೇಳಿದ್ದು ಅವನೇ. ಯಾರಾದ್ರೂ ಹೇಳ್ತಾರೆ ಅಂತ ಅವತ್ತೇ ಅಂದಿದ್ನಂತೆ. ಇವರು ಏಳು ವರ್ಷ ಅವನ ಮುಖ ನೋಡ್ಲಿಲ್ಲ." ಅಯ್ಯೋ ದೇವರೇ, ಆಗಲಾದರೂ ಬಾಯಿ ಬಿಡಬಾರದಿತ್ತೇ? ಬಿಡಲಿಲ್ಲ. ನಾನು ಅಷ್ಟು ಹೇಡಿ.

ಮಾಂಸದಂಗಡಿಯಿಂದ ಬರಿಗೈಯಲ್ಲಿ ಬಂದ ಮೂರನೆಯ ದಿನ ಏರ್‌ಪೋರ್ಟ್ ಅಂಕಲ್ ಫ್ಲಾಟಿಗೆ ಹೋದೆ. ಕೂರುವ ಮೊದಲೇ ಎಲ್ಲ ಹೇಳಿಬಿಟ್ಟೆ. ಬಾಫಾತ್, ಚಿಕ್ಕಮ್ಮ, ಸುಳ್ಳು, ಒಂದನ್ನೂ ಬಿಡದೆ. ಮಾಸ್ತರ ಹೆಂಡತಿಗೂ ಈಗಲೇ ಹೋಗಿ ಹೇಳುತ್ತೇನೆ ಎಂದೆ. ಅವರು ಟೀವಿ ಆರಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಮ್ಮ ದಪ್ಪ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು.

"ಅವನ ಪೆಟ್ಟಿಗೆ ಹೊರ್ಲಿಕ್ಕೆ ಆರು ಜನ ಬೇಕು" ಎಂದರು. "ನಮ್ಮವರು ಐದೇ ಜನ ಇದ್ದದ್ದು. ಆರನೆಯವ ಫ್ಯೂನರಲ್ ಕಂಪನಿಯವ, ಗುರುತಿಲ್ಲದವ. ನಾನು ಪಕ್ಕದಲ್ಲೇ ನಿಂತಿದ್ದೆ ಮಾರಾಯ್ತಿ. ನನ್ನನ್ನು ಯಾರೂ ಕರೀಲಿಲ್ಲ."