ಅರ್ಜಿ ತಿದ್ದುವ ಸಿಪ್ರಿಯನ್

ಊರಿನ ಐಟಿಐ, ಪಾಲಿಟೆಕ್ನಿಕ್ ಮಕ್ಕಳ ಶುಲ್ಕಕ್ಕೆ ಸರ್ಕಾರದ ನೆರವು ಕೇಳುವ ಅರ್ಜಿ ತಂದೆಯ ಸಹಿಗೆಂದು ಕೊಲ್ಲಿ ನಾಡಿನ ಅಬ್ಬಾಸಿಯಾಕ್ಕೆ ಬಂದರೆ, ಅದನ್ನು ತಿದ್ದಲು ಸಿಪ್ರಿಯನ್ನನೇ ಆಗಬೇಕು. ರಜೆಯ ಶುಕ್ರವಾರ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಬಂದು, ಇಸ್ತ್ರಿ ಅಂಗಿಯಲ್ಲೇ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತನೆಂದರೆ ಅವನೇ ತಹಶೀಲ್ದಾರ. ಕಾಗದವನ್ನು ಬೆಳಕಿಗೆ ಹಿಡಿದು, ಒಮ್ಮೆ ಕೆಮ್ಮಿ, ನೇರವಾಗಿ ತಂದೆಯ ಉದ್ಯೋಗದ ಕಾಲಮ್ಮಿಗೆ ಇಳಿಯುವನು. "ಮ್ಯಾನೇಜರೋ? ಯಾವಾಗ ಆದದ್ದು ಮಾರಾಯಾ? ನಿನ್ನೆಯ ತನಕ ರುಮೈಥಿಯಾದಲ್ಲಿ ಕಾರು ತೊಳೆಯುತ್ತಿದ್ದೆಯಲ್ಲ!" "ಊರಲ್ಲಿ ಹಾಗೇ ಹೇಳಿದ್ದೇನೆ ಸಿಪ್ರಿಬಾಬ್" ಎಂದು ಎದುರು ಕೂತ ಅಪ್ಪ ತಲೆ ಕೆರೆಯುವನು. "ಮ್ಯಾನೇಜರನ ಮಗನಿಗೆ ಸರ್ಕಾರ ಫೀಸು ಕಟ್ಟುವುದಿಲ್ಲ. ಹೊಡೆದುಹಾಕು, ನಿಜ ಬರೆ, ಪಕ್ಕದಲ್ಲಿ ಸಹಿ ಮಾಡು. ಖಲಾಸ್!" ಹೀಗೆ ಎಷ್ಟು ಮಂದಿ ಮ್ಯಾನೇಜರರನ್ನು ಅವನು ಕೆಲಸದಿಂದ ಇಳಿಸಿದ್ದಾನೋ! ಈ ವರ್ಷ ಅವನ ಮಗಳು ವೆಲಿಟಾಳ ಅರ್ಜಿಯೂ ಬಂದಿತು. ನೆರವು ಸಿಗದಿದ್ದರೆ ಅವಳಿಗೆ ಡಿಪ್ಲೊಮಾ ಇಲ್ಲ. ಅವಳೇ ದುಂಡಕ್ಷರದಲ್ಲಿ ತುಂಬಿದ್ದಳು: 'ತಂದೆ, ರಿಫೈನರಿಯಲ್ಲಿ ಸೂಪರ್‌ವೈಸರ್.' ಮೀನಾ ಅಬ್ದುಲ್ಲಾದ ಆ ರಿಫೈನರಿಯಲ್ಲಿ ಹನ್ನೆರಡು ವರ್ಷದಿಂದ ಟ್ಯಾಂಕು ಉಜ್ಜುತ್ತಿದ್ದ ಸಿಪ್ರಿಯನ್ ಆ ಅಕ್ಷರಗಳನ್ನೇ ಬಹಳ ಹೊತ್ತು ನೋಡಿದನು. ಕೊನೆಗೆ 'ಟ್ಯಾಂಕ್ ಕ್ಲೀನರ್' ಎಂದು ಬರೆದು ಸಹಿ ಹಾಕಿದನು. ಮಗಳ ಬರಹದ ಮೇಲೆ ಅವನು ಎಳೆದ ಗೀಟು ಮಾತ್ರ ಎಷ್ಟು ತೆಳ್ಳಗಿತ್ತೆಂದರೆ, ಅಡಿಯಲ್ಲಿದ್ದದ್ದನ್ನು ಯಾರಾದರೂ ಸಲೀಸಾಗಿ ಓದಬಹುದಾಗಿತ್ತು.