ಯೂರಿಯಾ ನೀರು ಕುಡಿದ ಎತ್ತುಗಳು

ಕಟಕೋಳದಲ್ಲಿ ರಾಜೇಶ್ವರಿಯ ಮನೆ ಎಲ್ಲಿ ಎಂದು ಕೇಳಿದರೆ ಯಾವ ರಾಜೇಶ್ವರಿ ಎನ್ನುತ್ತಾರೆ. ಲ್ಯಾಬ್ ರಾಜೇಶ್ವರಿ ಎಂದರೆ ಸಣ್ಣ ಮಕ್ಕಳೂ ಬಾಗಿಲವರೆಗೆ ಬಂದು ತೋರಿಸುತ್ತವೆ. ಊರಿನ ಪಿಯು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಆಕೆ ಹತ್ತೊಂಬತ್ತು ವರ್ಷದಿಂದ ಅಟೆಂಡರ್. ಗಾಜಿನ ಸಾಮಾನು ತೊಳೆಯಬೇಕು, ಬಾಟಲಿಗಳಿಗೆ ಚೀಟಿ ಅಂಟಿಸಬೇಕು, ಗಟ್ಟಿ ಆಸಿಡ್ಡನ್ನು ಅಳೆದು ನೀರಿಗೆ ಬೆರೆಸಿ, ಹುಡುಗರ ಕೈಗೆ ಕೊಡುವಷ್ಟು ತೆಳ್ಳಗೆ ಮಾಡಬೇಕು. ಸವದತ್ತಿಯ ತವರಿನಲ್ಲಿದ್ದಾಗ ಪಿಯುಸಿಯಲ್ಲಿ ಅದೇ ರಸಾಯನಶಾಸ್ತ್ರಕ್ಕೆ ನಾಲ್ಕು ಅಂಕ ಕಡಿಮೆ ಬಿದ್ದು ಫೇಲಾದವಳು. ಮುಂದೆ ಓದಲಿಲ್ಲ, ಮದುವೆಯಾಯಿತು. ಗಂಡ ನಿಜಗುಣಪ್ಪ ಟ್ರ್ಯಾಕ್ಟರ್ ಡ್ರೈವರ್. ಕಬ್ಬಿನ ಸೀಜನ್ ಶುರುವಾದರೆ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಕಡೆ ಹೋದವನು ವಾರಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು.

ಪ್ರಯೋಗಾಲಯದ ಉಗ್ರಾಣಕ್ಕೂ ತರಗತಿಗೂ ನಡುವೆ ಇರುವುದು ಒಂದು ತೆಳು ಗೋಡೆ. ನಿವೃತ್ತರಾಗುವವರೆಗೆ ಕೃಷ್ಣಾಜಿ ಮಾಸ್ತರರು ಆಮ್ಲ–ಪ್ರತ್ಯಾಮ್ಲದ ಪಾಠ ಮಾಡಿದ್ದನ್ನೆಲ್ಲ ರಾಜೇಶ್ವರಿ ಅಲ್ಲಿಂದಲೇ ಕೇಳಿದ್ದಳು.

"ಆಮ್ಲ ಅಂದ್ರ ಕೊಡಾಂವ, ಪ್ರತ್ಯಾಮ್ಲ ಅಂದ್ರ ಇಸಗೊಳ್ಳಾಂವ," ಎನ್ನುತ್ತಿದ್ದರು ಅವರು. "ಕೊಡೂದು ಬರೇ ಒಂದು ಪ್ರೋಟಾನ್. ಆದ್ರ ಕೊಟ್ಟ ಮ್ಯಾಲೆ ಕೊಟ್ಟಾಂವನೂ ಮೊದಲಿನಂಗ ಇರೂದಿಲ್ಲ, ಇಸಗೊಂಡಾಂವನೂ ಇರೂದಿಲ್ಲ. ಅಮೋನಿಯಾ ಒಂದು ಪ್ರೋಟಾನ್ ಇಸಗೊಂಡ್ರ ಅಮೋನಿಯಂ. ಅದನ್ನ ತಿರುಗಿ ಬಿಟ್ಟುಕೊಟ್ರ ಮತ್ತ ಅಮೋನಿಯಾ. ಹಿಂಗ ಒಂದು ಪ್ರೋಟಾನಿನ ಫರಕಿನ್ಯಾಗ ಇರೂ ಜೋಡಿಗೆ ಸಂಯುಗ್ಮ ಜೋಡಿ ಅಂತಾರ."

ಆಮೇಲೆ ಮಾಸ್ತರರು ಅಮೋನಿಯಾ ಬಾಟಲಿಯ ಬಿರಡೆ ತೆಗೆಯುವರು. ಘಾಟಿಗೆ ಮುಂದಿನ ಬೆಂಚಿನವರು ಮೂಗು ಮುಚ್ಚಿಕೊಳ್ಳುವರು. ಅದಕ್ಕೆ ಸಾಕಷ್ಟು ಆಸಿಡ್ ಬಿದ್ದ ಕೂಡಲೇ ವಾಸನೆ ನಿಂತುಹೋಗುವುದು. ಗಾಳಿಯಾಗಿ ಹಾರುತ್ತಿದ್ದದ್ದು ಈಗ ಅಮೋನಿಯಂ ಆಗಿ ನೀರಿನಲ್ಲೇ ಕೂತಿತು ಎಂದು ಅವರು ಹೇಳುವರು. ಆ ಬಾಟಲಿಗಳನ್ನು ವರ್ಷ ವರ್ಷ ಜೋಡಿಸಿ ಇಡುತ್ತಿದ್ದವಳು ರಾಜೇಶ್ವರಿಯೇ.

ಹೋದ ನವೆಂಬರಿನ ಒಂದು ಭಾನುವಾರ. ಮಧ್ಯಾಹ್ನ ಒಂದು ಗಂಟೆಯಾಗಿರಬೇಕು. ರಾಜೇಶ್ವರಿ ಕಟ್ಟೆಯ ಮೇಲೆ ಕೂತು ಸೋಮವಾರದ ಪ್ರಯೋಗಕ್ಕೆ ಲಿಟ್ಮಸ್ ಕಾಗದ ಕತ್ತರಿಸುತ್ತಿದ್ದಳು. ಹಿಂದಿನ ಹೊಲದ ದನದ ಕೊಟ್ಟಿಗೆಯಿಂದ ಬೀರವ್ವನ ಕೂಗು ಕೇಳಿಸಿತು.

ಬೀರವ್ವ, ಶಂಕ್ರೆಪ್ಪ ಗಂಡ ಹೆಂಡತಿ. ಅವರ ಆರು ಎಕರೆ ಹೊಲ ರಾಜೇಶ್ವರಿಯ ಹಿತ್ತಲಿಗೇ ಹತ್ತಿಕೊಂಡಿದೆ. ಆಕೆ ಓಡಿ ಹೋದಾಗ ಎಮ್ಮೆ ನೆಲಕ್ಕೆ ಬಿದ್ದು ಕಾಲು ಬಡಿಯುತ್ತಿತ್ತು. ಹೊಟ್ಟೆ ನಗಾರಿಯಂತೆ ಉಬ್ಬಿತ್ತು. ಎರಡು ಎತ್ತುಗಳು, ಬಸ್ಯಾ ಮತ್ತು ಕೆಂಚ, ನಿಂತಲ್ಲೇ ನಡುಗುತ್ತಿದ್ದವು. ಬಾಯಲ್ಲಿ ನೊರೆ. ಬಸ್ಯಾ ಹಲ್ಲು ಕಡಿಯುವ ಸದ್ದು ದೂರಕ್ಕೇ ಕೇಳುತ್ತಿತ್ತು.

"ಎಣ್ಣಿ ಹಾಕ್ಯಾನ! ನನ್ನ ದನಕ್ಕ ಎಣ್ಣಿ ಹಾಕ್ಯಾನ ಆ ಗೌರೀಶ!" ಎಂದು ಶಂಕ್ರೆಪ್ಪ ಒದರುತ್ತಿದ್ದ. ಎಣ್ಣಿ ಎಂದರೆ ಬೆಳೆಗೆ ಹೊಡೆಯುವ ಕೀಟನಾಶಕ. ಗೌರೀಶ ಪಕ್ಕದ ಹೊಲದವನು. ಬದುವಿನ ಮೇಲಿನ ನೀರಿನ ಕಾಲುವೆಯ ಸಲುವಾಗಿ ಇಬ್ಬರೂ ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ಶಂಕ್ರೆಪ್ಪ ಗೋಡೆಗೆ ಒರಗಿಸಿದ್ದ ಕೊಡಲಿ ತೆಗೆದುಕೊಂಡ.

"ಕಾಕಾ, ಒಂದ ನಿಮಿಷ ತಡೀರಿ," ಎಂದು ರಾಜೇಶ್ವರಿ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಳು.

"ದಾರಿ ಬಿಡ ತಂಗಿ."

"ಎಣ್ಣಿ ಹೌದೋ ಅಲ್ಲೋ ನೋಡೂಣು. ಆಮ್ಯಾಲೆ ಹೋಗ್ರಿ, ನಾ ತಡಿಯೂದಿಲ್ಲ."

ಆಕೆಗೆ ಕೊಟ್ಟಿಗೆಯೊಳಗೆ ಕಾಲಿಟ್ಟಾಗಲೇ ಮೂಗಿಗೆ ಬಡಿದದ್ದು ಬೇರೆ ವಾಸನೆ. ಅದು ಕೀಟನಾಶಕದ ಕೊಳಕು ವಾಸನೆಯಲ್ಲ. ಸೆಗಣಿ, ಗಂಜಲದ ನಡುವೆಯೂ ಚೂಪಾಗಿ ಕಣ್ಣಿಗೆ ಚುಚ್ಚುವ, ಹತ್ತೊಂಬತ್ತು ವರ್ಷದ ಪರಿಚಯದ ಘಾಟು. ಗಂಜಲದಿಂದಲೂ ಬರಬಹುದಲ್ಲ ಎಂದು ಆಕೆಗೆ ಅನುಮಾನವಾಯಿತು. ಕೈಯಲ್ಲಿ ಇನ್ನೂ ಕೆಂಪು ಲಿಟ್ಮಸ್ ಚೂರುಗಳಿದ್ದವು. ಒಂದನ್ನು ನೀರಿನಲ್ಲಿ ಅದ್ದಿ ಎಮ್ಮೆಯ ತಲೆಯ ಹತ್ತಿರ ಕೂತಳು. ಜೊಲ್ಲಿಗೆ ತಾಗಿಸುವಂತಿಲ್ಲ, ದನದ ಜೊಲ್ಲು ಹೇಗೂ ಕೆಂಪು ಕಾಗದವನ್ನು ನೀಲಿ ಮಾಡುತ್ತದೆ. ಬಾಯಿಂದ ನಾಲ್ಕು ಬೆರಳು ದೂರ, ಬರೀ ಉಸಿರು ಬಡಿಯುವಂತೆ ಹಿಡಿದಳು. ಎಮ್ಮೆ ತಲೆ ಒಗೆದಾಗ ಕೋಡು ಆಕೆಯ ಮೊಣಕೈ ಸವರಿಕೊಂಡು ಹೋಯಿತು. ಕೈ ತೆಗೆಯಲಿಲ್ಲ. ಕಾಗದದ ಅಂಚು ನೇರಳೆಯಾಗಿ, ನೋಡನೋಡುತ್ತ ಪೂರ್ತಿ ನೀಲಿಯಾಯಿತು.

"ಇದು ಅಮೋನಿಯಾ ಐತ್ರಿ ಕಾಕಾ. ಹೊಟ್ಟಿ ಒಳಗಿಂದ ಬರಾಕತ್ತೈತಿ. ಯೂರಿಯಾ ಏನರ ತಿಂದಾವ ಅಥವಾ ಕುಡದಾವ. ಚಿಗವ್ವ, ಇವಕ್ಕ ನೀರ ಎಲ್ಲಿದು ಕುಡಿಸಿದ್ರಿ?"

ಬೀರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಗಂಡನ ಕೈಯಲ್ಲಿ ಕೊಡಲಿ ಹಾಗೇ ಇತ್ತು. ಎಮ್ಮೆ ಒಮ್ಮೆ ಉದ್ದಕ್ಕೆ ಕಾಲು ಚಾಚಿತು. ಮತ್ತೆ ಮಿಸುಕಲಿಲ್ಲ.

"ಚಿಗವ್ವ, ಎತ್ತುಗಳಾದ್ರೂ ಉಳೀಬೇಕಂದ್ರ ಹೇಳ್ರಿ!"

"ನಾನ ಕುಡಿಸೇನಿ," ಎಂದಳು ಬೀರವ್ವ. "ಕರೆಂಟ್ ಇರಲಿಲ್ಲ, ಪಂಪ್ ಶುರು ಆಗಲಿಲ್ಲ. ನೀಲಿ ಡ್ರಮ್ಮಿನ್ಯಾಗ ನೀರ ತಿಳಿ ಕಂಡ್ತು. ಎರಡ ಕೊಡ ದನ ಕುಡಿಯೂ ದೋಣಿಗೆ ಸುರುವಿದೆ. ಅದು ಡ್ರಿಪ್ಪಿಗೆ ಯೂರಿಯಾ ಗೊಬ್ಬರ ಕಲಿಸಿದ್ದು ಅಂತ ಎಮ್ಮಿ ಬಿದ್ದ ಮ್ಯಾಲೆ ನೆನಪಾತು. ಹೇಳಾಕ ಧೈರ್ಯ ಆಗಲಿಲ್ಲ."

ಶಂಕ್ರೆಪ್ಪ ಹೆಂಡತಿಯ ಮುಖವನ್ನೇ ನೋಡುತ್ತ ನಿಂತ. ಒಂದು ಕ್ಷಣ ಅವನು ಏನು ಮಾಡುತ್ತಾನೋ ಎಂದು ರಾಜೇಶ್ವರಿಗೆ ಹೆದರಿಕೆಯಾಯಿತು. ಅಷ್ಟರಲ್ಲಿ ಬಸ್ಯಾನ ಮುಂಗಾಲುಗಳು ಮಡಚಿಕೊಂಡವು. ಶಂಕ್ರೆಪ್ಪ ಕೊಡಲಿ ಬಿಸಾಕಿ ಎತ್ತಿನ ಕೊರಳಿಗೆ ಭುಜ ಕೊಟ್ಟ.

ರಾಜೇಶ್ವರಿ ಪಶುವೈದ್ಯ ಅಭಿಜಿತನಿಗೆ ಫೋನ್ ಮಾಡಿದಳು. ಆತ ರಾಮದುರ್ಗದ ಆಚೆಯ ಹಳ್ಳಿಯೊಂದರಲ್ಲಿ ಕರು ಅಡ್ಡ ಸಿಕ್ಕಿದ್ದ ಆಕಳ ಮುಂದೆ ಇದ್ದ. ಬರಲು ಒಂದೂವರೆ ತಾಸು ಬೇಕು ಎಂದ.

"ಅಷ್ಟು ಹೊತ್ತು ಉಳಿಯೂದಿಲ್ರಿ," ಎಂದಳು.

"ಹಂಗಾರ ಕೇಳ್ರಿ. ಯೂರಿಯಾ ಹೊಟ್ಟ್ಯಾಗ ಅಮೋನಿಯಾ ಆಗಿ ರಕ್ತಕ್ಕ ಇಳಿಯಾಕತ್ತೈತಿ. ವಿನೆಗರ್ ಕೊಡಬೇಕು. ಒಂದೊಂದು ಎತ್ತಿಗೆ ನಾಕ ಲೀಟರ್, ಮ್ಯಾಲೆ ತಣ್ಣನ ನೀರು, ಎಷ್ಟು ಹಿಡಿತೈತೋ ಅಷ್ಟು. ವಿನೆಗರ್ ಸಿಗತೈತೇನು?"

"ಲ್ಯಾಬಿನ್ಯಾಗ ಅಸೆಟಿಕ್ ಆಸಿಡ್ ಐತ್ರಿ, ಗಟ್ಟಿದು. ನೀರು ಬೆರಸಿದ್ರ ಅದ ವಿನೆಗರ್."

"ಅದು ಹಂಗ ಹೋದ್ರ ಗಂಟಲ, ಕರಳು ಸುಟ್ಟು ಹೋಗತಾವ. ಇಪ್ಪತ್ತಕ್ಕ ಒಂದು. ಒಂಚೂರು ತಪ್ಪಬಾರ್ದು. ನಿಮಗ ಆಗತೈತೇನು?"

"ನನ್ನ ಕೆಲಸನ ಅದರಿ."

ಕಾಲೇಜು ಅಲ್ಲಿಂದ ಅರ್ಧ ಕಿಲೋಮೀಟರ್. ಬೀಗದ ಕೈ ಆಕೆಯ ಬಳಿಯೇ ಇರುತ್ತಿತ್ತು. ಓಡುತ್ತಲೇ ಪ್ರಿನ್ಸಿಪಾಲರಿಗೆ ಎರಡು ಸಲ ಫೋನ್ ಹಚ್ಚಿದಳು, ಎತ್ತಲಿಲ್ಲ. ರಜೆಯ ದಿನ ಅಪ್ಪಣೆ ಇಲ್ಲದೆ ಕಪಾಟು ತೆಗೆದು ಆಸಿಡ್ ಹೊರಗೆ ಒಯ್ದರೆ ಕೆಲಸ ಹೋಗಬಹುದು. ಎತ್ತುಗಳಿಗೆ ಹೆಚ್ಚುಕಡಿಮೆಯಾದರೆ ಊರೇ ಆಕೆಯನ್ನು ಬೈಯುತ್ತದೆ. ಕಪಾಟಿನ ಮುಂದೆ ಕೈ ನಡುಗಿ ಕೀಲಿ ಎರಡು ಸಲ ಜಾರಿತು. ಬಾಟಲಿಯಲ್ಲಿ ಉಳಿದದ್ದು ನಾಲ್ಕು ನೂರು ಮಿಲಿ. ಅಂದರೆ ಎಂಟು ಲೀಟರ್ ವಿನೆಗರ್. ಎರಡು ಎತ್ತಿಗೆ ಸರಿಯಾಗಿ ಒಂದು ಸಲಕ್ಕೆ. ಅಳತೆಯ ಜಾಡಿಯನ್ನೂ ತೆಗೆದುಕೊಂಡು ಓಡಿದಳು.

ಆಕೆ ಮರಳಿ ಬಂದಾಗ ಕೊಟ್ಟಿಗೆಯಲ್ಲಿ ಗೌರೀಶ ಇದ್ದ. ಶಂಕ್ರೆಪ್ಪ ತನ್ನ ಹೆಸರು ಹಿಡಿದು ಒದರಿದ್ದು ಅವನಿಗೆ ತನ್ನ ಹೊಲದಲ್ಲೇ ಕೇಳಿಸಿತ್ತು. ಜಗಳಕ್ಕೆಂದೇ ಬಂದವನು ಬಿದ್ದ ಎಮ್ಮೆಯನ್ನೂ ನಡುಗುವ ಎತ್ತುಗಳನ್ನೂ ನೋಡಿ ಕೆಂಚನ ಮೂಗುದಾರ ಹಿಡಿದುಕೊಂಡಿದ್ದ.

ರಾಜೇಶ್ವರಿ ತೊಳೆದ ಬಕೆಟ್ಟಿಗೆ ಮೊದಲು ನೀರು ಅಳೆದು ಹಾಕಿದಳು. ಆಸಿಡ್ಡನ್ನು ಜಾಡಿಯಲ್ಲಿ ಕಣ್ಣಿನ ಮಟ್ಟಕ್ಕೆ ಹಿಡಿದು ಅಳೆದಳು.

"ಲಗೂ ಮಾಡ ತಂಗಿ, ಹಂಗ ಸುರುವಿ ಬಿಡ!" ಎಂದ ಶಂಕ್ರೆಪ್ಪ.

"ಹಂಗ ಸುರುವಿದ್ರ ನಾನ ಕೊಂದಂಗ ಆಗತೈತಿ. ಸುಮ್ನಿರ್ರಿ."

ಅಳೆದದ್ದನ್ನು ಮತ್ತೊಮ್ಮೆ ನೋಡಿ ನೀರಿಗೆ ಬಿಟ್ಟು, ಕೋಲಿನಿಂದ ಕಲಕಿ, ಒಂದು ಹನಿಯನ್ನು ತನ್ನ ನಾಲಿಗೆಗೇ ಮುಟ್ಟಿಸಿ ನೋಡಿದಳು. ಹುಳಿ ಇತ್ತು, ಉರಿ ಇರಲಿಲ್ಲ. ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟದಲ್ಲಿ ತುಂಬಿ ಶಂಕ್ರೆಪ್ಪನ ಕೈಗೆ ಕೊಟ್ಟಳು. "ತಲಿ ಭಾಳ ಮ್ಯಾಲೆ ಎತ್ತಬ್ಯಾಡ್ರಿ. ನುಂಗಿದ ಮ್ಯಾಲೆ ಮುಂದಿಂದು. ಉಸರಿನ ನಳಿಗಿಗೆ ಹೋದ್ರ ಕೆಲಸ ಕೆಟ್ಟಂಗ."

ಬಸ್ಯಾನಿಗೆ ನಾಲ್ಕು ಲೀಟರ್ ಇಳಿಯಲು ಹದಿನೈದು ನಿಮಿಷ ಹಿಡಿಯಿತು. ಕೆಂಚ ಎರಡು ಸಲ ಉಗುಳಿತು. ಬೀರವ್ವ ಬಾವಿಯಿಂದ ಕೊಡದ ಮೇಲೆ ಕೊಡ ತಣ್ಣೀರು ತಂದು ಇಟ್ಟಳು.

"ಇದರಿಂದ ಏನ ಆಗತೈತಿ?" ಎಂದು ಗೌರೀಶ ಕೇಳಿದ.

"ಅಮೋನಿಯಾ ಹೊಟ್ಟಿಯ ಗ್ವಾಡಿ ದಾಟಿ ರಕ್ತಕ್ಕ ಹೋಗತೈತಿ. ಈ ಹುಳಿ ಅದಕ್ಕ ಒಂದು ಪ್ರೋಟಾನ್ ಕೊಟ್ರ ಅದು ಅಮೋನಿಯಂ ಆಗತೈತಿ. ಅದಕ್ಕ ಗ್ವಾಡಿ ಸರಳ ದಾಟಾಕ ಆಗೂದಿಲ್ಲ. ಹೊಟ್ಟ್ಯಾಗ ಉಳದು ಮೆಲ್ಲಕ ಹೊರಗ ಹೋಗತೈತಿ."

ಅರ್ಧ ತಾಸಿಗೆ ನಡುಕ ಕಡಿಮೆಯಾಯಿತು. ಬಸ್ಯಾ ದೊಡ್ಡದಾಗಿ ತೇಗಿತು. ಶಂಕ್ರೆಪ್ಪ ನೆಲಕ್ಕೆ ಕುಸಿದು ಕೂತು ಮುಖ ಒರೆಸಿಕೊಂಡ. ಎಲ್ಲರೂ ಮುಗಿಯಿತು ಎಂದುಕೊಂಡರು.

ಮುಗಿದಿರಲಿಲ್ಲ. ಎರಡೂವರೆಯ ಹೊತ್ತಿಗೆ ಬಸ್ಯಾನ ಕಿವಿ ಮತ್ತೆ ಅದುರತೊಡಗಿತು. ನೊರೆ ಬಂತು. ಹೊಟ್ಟೆಯಲ್ಲಿ ಇನ್ನೂ ಉಳಿದಿದ್ದ ಯೂರಿಯಾ ಅಮೋನಿಯಾ ಆಗುತ್ತ ಹುಳಿಯನ್ನೆಲ್ಲ ತಿಂದುಹಾಕಿತ್ತು. ಹುಳಿ ತೀರಿದ ಮೇಲೆ ಅಮೋನಿಯಂ ತನ್ನ ಪ್ರೋಟಾನ್ ಬಿಟ್ಟುಕೊಟ್ಟು ತಿರುಗಿ ಅಮೋನಿಯಾ ಆಗುತ್ತಿದೆ ಎಂದು ರಾಜೇಶ್ವರಿಗೆ ಗೊತ್ತಾಯಿತು. ಬಾಟಲಿ ಖಾಲಿಯಾಗಿತ್ತು. ಡಾಕ್ಟರ ಫೋನು ಹತ್ತಲಿಲ್ಲ. ಮಜ್ಜಿಗೆ ಕೊಡಲೇ ಎಂದು ಬೀರವ್ವ ಕೇಳಿದಳು. ಅಷ್ಟು ಹುಳಿ ಅದರಲ್ಲಿ ಇರುವುದಿಲ್ಲ.

"ವಿನೆಗರ್ ಮತ್ತ ಯಾರ ಹತ್ರ ಇರತೈತಿ ಈ ಊರಾಗ?" ಎಂದು ರಾಜೇಶ್ವರಿ ತನ್ನಷ್ಟಕ್ಕೆ ಎಂಬಂತೆ ಕೇಳಿದಳು.

"ಗೋಬಿ ಮಂಚೂರಿ ಗಾಡಿಯಾಂವ!" ಎಂದ ಗೌರೀಶ. "ಬಿಳಿ ಬಾಟ್ಲಿಯಿಂದ ಹಾಕತಿರತಾನ, ಹುಳಿ ವಾಸನಿ ಹೊಡಿತೈತಿ." ಅಂದವನೇ ಬೈಕ್ ಹತ್ತಿದ.

ಬಸ್ ಸ್ಟ್ಯಾಂಡಿನಲ್ಲಿ ಗಾಡಿ ಇನ್ನೂ ತೆರೆದಿರಲಿಲ್ಲ. ಗೌರೀಶ ಗಾಡಿಯವನ ಮನೆ ಹುಡುಕಿ, ಮಲಗಿದ್ದವನನ್ನು ಎಬ್ಬಿಸಿ, ಆರು ಬಾಟಲಿ ಚೀಲದಲ್ಲಿ ಹಾಕಿಕೊಂಡು ಬಂದ. ಅಷ್ಟರಲ್ಲಿ ಬಸ್ಯಾ ಅಡ್ಡ ಬಿದ್ದಿತ್ತು. ಶಂಕ್ರೆಪ್ಪ, ಬೀರವ್ವ, ರಾಜೇಶ್ವರಿ ಮೂವರೂ ಸೇರಿ ಅದನ್ನು ಎದೆ ನೆಲಕ್ಕೆ ಊರುವಂತೆ ಕೂರಿಸಿ ಹಿಡಿದಿದ್ದರು. ರಾಜೇಶ್ವರಿ ಬಾಟಲಿಯ ಮೇಲಿನ ಚೀಟಿ ಓದಿದಳು. ಹುಳಿ ನೂರಕ್ಕೆ ನಾಲ್ಕು ಭಾಗ. ಹಾಗೇ ಕೊಡಬಹುದು. ಗೌರೀಶ ಎತ್ತಿನ ಗದ್ದ ಹಿಡಿದ, ಶಂಕ್ರೆಪ್ಪ ಗೊಟ್ಟ ಬಗ್ಗಿಸಿದ. ಬಸ್ಯಾ ನುಂಗುತ್ತದೋ ಇಲ್ಲವೋ ಎಂದು ನಾಲ್ವರೂ ಅದರ ಗಂಟಲನ್ನೇ ನೋಡುತ್ತಿದ್ದರು. ಗಂಟಲು ಆಡಿತು. ಮತ್ತೊಂದು ಸಲ ಆಡಿತು.

ಡಾಕ್ಟರ್ ಬಂದಾಗ ಮೂರೂ ಕಾಲು. ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಿ ಗಾಳಿ ತೆಗೆದ, ಸಲೈನ್ ಹಚ್ಚಿದ, ಮತ್ತೆರಡು ಲೀಟರ್ ವಿನೆಗರ್ ಬಿಟ್ಟ. ಕೆಂಚ ಸಂಜೆಗೇ ಮೇವಿಗೆ ಬಾಯಿ ಹಾಕಿತು. ಬಸ್ಯಾ ಕತ್ತಲಾಗುವ ಮುಂಚೆ ಎದ್ದು ನಿಂತು ಸೆಗಣಿ ಹಾಕಿದಾಗ ಬೀರವ್ವ ಮೊದಲ ಸಲ ಗಟ್ಟಿಯಾಗಿ ಅತ್ತಳು. ಎಮ್ಮೆಯನ್ನು ಹೊಲದ ಮೂಲೆಯಲ್ಲಿ ಹೂಳಲು ಗುಂಡಿ ತೋಡಿದವರು ಶಂಕ್ರೆಪ್ಪ ಮತ್ತು ಗೌರೀಶ. ತೋಡುವಾಗ ಶಂಕ್ರೆಪ್ಪ ಹಾರೆ ನಿಲ್ಲಿಸಿ, "ನಾ ಅಂದದ್ದು ನೀ ಕೇಳಿದ್ಯಲ್ಲೋ," ಎಂದ. ಗೌರೀಶ, "ಕೇಳೇನಿ. ಅಗಿ ಈಗ," ಎಂದನಂತೆ. ಕಾಲುವೆಯ ತಕರಾರು ಇನ್ನೂ ಬಗೆಹರಿದಿಲ್ಲ. ಆದರೆ ಇಬ್ಬರೂ ಮಾತಾಡುತ್ತಾರೆ.

ಹೆಂಡತಿಯ ಜೊತೆ ಶಂಕ್ರೆಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅವನೇ ನೀಲಿ ಡ್ರಮ್ಮನ್ನು ಕೊಟ್ಟಿಗೆಯಿಂದ ದೂರ, ಪಂಪಿನ ಮನೆಯೊಳಗೆ ಇಟ್ಟು ಬೀಗ ಹಾಕಿ, "ನಾ ಅಲ್ಲಿ ಇಟ್ಟಿದ್ದ ತಪ್ಪು," ಎಂದು ಬೀರವ್ವನಿಗೆ ಹೇಳಿದ.

ಸೋಮವಾರ ಬೆಳಿಗ್ಗೆ ರಾಜೇಶ್ವರಿ ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಪ್ರಿನ್ಸಿಪಾಲರ ಮೇಜಿನ ಮೇಲೆ ಇಟ್ಟಳು. ಅವರು ಎರಡು ಸಲ ಓದಿದರು. ಮುಂದೆ ಹೀಗೆ ಕೇಳದೆ ಕಪಾಟು ತೆಗೆಯಬಾರದು ಎಂದು ಬೈದರು. ಬೈದು ಮುಗಿದ ಮೇಲೆ ಕುರ್ಚಿ ತೋರಿಸಿ, "ಕುಂಡ್ರಿ, ಚಾ ತರಸತೇನಿ. ಇಪ್ಪತ್ತಕ್ಕ ಒಂದು ಅಂತ ಅಳಿಯೂ ಮುಂದ ಕೈ ನಡಗಲಿಲ್ಲೇನು?" ಎಂದು ಕೇಳಿದರು.

"ಕೀಲಿ ತೆಗಿಯೂ ಮುಂದ ನಡಗಿತ್ರಿ," ಎಂದಳು ರಾಜೇಶ್ವರಿ. "ಅಳಿಯೂ ಮುಂದ ಇಲ್ಲ."