ತೊಟ್ಟು ನೋಡು

ಕಳೆದ ವರ್ಷದ ದೀಪಾವಳಿ ರಜೆಯಲ್ಲಿ ನಡೆದದ್ದು. ನಾವು ತೀರ್ಥಹಳ್ಳಿಯಿಂದ ಸಾಗರದ ಅಕ್ಕನ ಮನೆಗೆ ಹೋಗಿದ್ದೆವು. ಅಲ್ಲಿ ನನ್ನ ಹತ್ತು ವರ್ಷದ ಮಗ ಸುಹಾಸ ಮಾಡಿದ್ದನ್ನು ಯಾರು ಸಿಕ್ಕಿದರೂ ಹೇಳುತ್ತಲೇ ಇರುತ್ತೇನೆ. ಜಂಬ ಅಂದುಕೊಂಡರೂ ಬೇಸರವಿಲ್ಲ, ಜಂಬವೇ.

ಅದಕ್ಕೂ ಮೊದಲು ಒಂದು ಆಟದ ಬಗ್ಗೆ ಹೇಳಬೇಕು. ನಾನು, ಅಕ್ಕ ಬೆಳೆದದ್ದು ಹೊಸನಗರದಲ್ಲಿ. ಚಿಕ್ಕವರಿದ್ದಾಗ ಅಪ್ಪ ಸಾಗರದ ಪೇಟೆಯಿಂದ ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್ ತಂದುಕೊಟ್ಟಿದ್ದರು. ಅದರ ಕ್ಯಾಸೆಟ್ಟಿನಲ್ಲಿ ನಮಗೆ ಪ್ರಾಣವಾಗಿದ್ದದ್ದು ಒಂದೇ ಆಟ, ಭಾನುವಾರ ಟಿವಿಯಲ್ಲಿ ಬರುತ್ತಿದ್ದ ಹಳೇ ಕಾರ್ಟೂನಿನ ಮೊಲದ್ದು. ಮೊಲ ಓಡುತ್ತಾ ಹಾರುತ್ತಾ ಹಣ್ಣು ತಿನ್ನಬೇಕು. ತಪ್ಪಿ ಕಾಯಿ ತಿಂದರೆ ಹೊಟ್ಟೆ ಹಿಡಿದುಕೊಂಡು ಮಗುಚಿ ಬೀಳುತ್ತಿತ್ತು. ಹಣ್ಣು ಕೆಂಪು, ಕಾಯಿ ಹಸಿರು. ಆದರೆ ಅದು ನಮಗೆ ಗೊತ್ತಿರಲಿಲ್ಲ. ನಮ್ಮದು ಬ್ಲ್ಯಾಕ್ ಆಂಡ್ ವೈಟ್ ಟಿವಿ. ನಮ್ಮ ಪಾಲಿಗೆ ಎರಡೂ ಒಂದೇ ಬೂದಿ ಬಣ್ಣ.

ವಾರಗಟ್ಟಲೆ ಮೊಲಕ್ಕೆ ಹೊಟ್ಟೆನೋವು. ಕೊನೆಗೆ ದಾರಿ ಕಂಡುಹಿಡಿದದ್ದು ಅಕ್ಕ. ನಮ್ಮ ಹಿತ್ತಲಿನಲ್ಲೊಂದು ಚಿಕ್ಕು ಮರವಿತ್ತು. ಚಿಕ್ಕು ಕಾಯಾದರೂ ಹಣ್ಣಾದರೂ ಅದೇ ಕಂದು ಬಣ್ಣ. ಹಾಗಾಗಿ ನಮ್ಮನ್ನು ಕೊಯ್ಯಲು ಕಳಿಸುವಾಗೆಲ್ಲ ಅಮ್ಮ, "ಬಣ್ಣ ಎಂತಾ ನೋಡ್ತೀರಾ, ತೊಟ್ಟು ನೋಡಿ" ಅನ್ನುತ್ತಿದ್ದರು. ಅಕ್ಕ ಟಿವಿಗೆ ಮೂಗು ತಾಗಿಸಿಕೊಂಡು ಕೂತು ನೋಡಿದಳು. ಹಣ್ಣಿನ ತೊಟ್ಟು ಒಂದು ಚೂರು ಬಾಗಿತ್ತು, ಕಾಯಿಯದ್ದು ನೆಟ್ಟಗಿತ್ತು. ಅಂದಿನಿಂದ ಒಬ್ಬಳು ಆಡುವಾಗ ಇನ್ನೊಬ್ಬಳು "ತೊಟ್ಟು ನೋಡೇ, ತೊಟ್ಟು ನೋಡೇ" ಎಂದು ಬೊಬ್ಬೆ ಹೊಡೆಯುವುದು ರೂಢಿಯಾಯಿತು. ಮುಂದೆ ನಿಟ್ಟೂರಿನ ಚಿಕ್ಕಮ್ಮನ ಮನೆಯ ಕಲರ್ ಟಿವಿಯಲ್ಲಿ ಅದೇ ಆಟ ಹಾಕಿದಾಗ ಅಕ್ಕ ಮುಖ ಊದಿಸಿಕೊಂಡಳು. "ಇಷ್ಟೇನಾ? ಇದನ್ನ ಯಾರು ಬೇಕಾದ್ರೂ ಆಡ್ತಾರೆ" ಅಂದಳು.

ಈಗ ಮಗನ ವಿಷಯ. ಸುಹಾಸನಿಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಶಾಲೆಯಲ್ಲಿ ಎಲೆಗೆ ಕೆಂಪು ಹಚ್ಚಿದ್ದನ್ನು ಕಂಡು ಟೀಚರ್ ಹೇಳಿದ ಮೇಲೆ ಶಿವಮೊಗ್ಗದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಹುಟ್ಟಿನಿಂದ ಬಂದದ್ದು, ಔಷಧಿಯಿಲ್ಲ, ಉಳಿದಂತೆ ಕಣ್ಣು ಚೆನ್ನಾಗಿಯೇ ಇದೆ ಅಂದರು. ಕಣ್ಣು ಚೆನ್ನಾಗಿತ್ತು, ಹುಡುಗ ಚೆನ್ನಾಗಿರಲಿಲ್ಲ. ಬಣ್ಣದ ಡಬ್ಬಿ ಮುಟ್ಟುವುದನ್ನೇ ಬಿಟ್ಟ. ಯಾರಾದರೂ ಲೂಡೋ ಹಾಸಿದರೆ ಎದ್ದು ಹೋಗುತ್ತಿದ್ದ. ಏನು ಹೇಳಿದರೂ "ನಂಗೆ ಬರಲ್ಲ" ಅನ್ನುವುದೊಂದೇ ಮಾತು. ಅವನು ಹೀಗೇ ಮುದುಡಿಕೊಂಡು ಬಿಡುತ್ತಾನೇನೋ ಎಂದು ನನಗೆ ಹೆದರಿಕೆಯಾಗಿತ್ತು.

ಸಾಗರದಲ್ಲಿ ಭಾವ ಹಳೇ ಗೇಮ್‌ಗಳೆಲ್ಲ ಒಂದೇ ಡಬ್ಬಿಯಲ್ಲಿ ಬರುವ ಮೆಷಿನ್ ತರಿಸಿದ್ದರು. ಅದರಲ್ಲಿ ನಮ್ಮ ಮೊಲವೂ ಇತ್ತು. ಅಕ್ಕನ ಮಕ್ಕಳಿಬ್ಬರೂ ಸುಹಾಸನೂ ಸರದಿಯ ಮೇಲೆ ಆಡುತ್ತಿದ್ದರು. ಸುಹಾಸನ ಸರದಿಯಲ್ಲಿ ಮೊದಲನೇ ಕಾಯಿಗೇ ಮೊಲ ಮಗುಚಿತು. ಮತ್ತೊಮ್ಮೆ ಆಡಿದ, ಮತ್ತೆ ಮಗುಚಿತು. ಅಕ್ಕನ ದೊಡ್ಡ ಮಗಳು ಶ್ರಾವ್ಯ ನಕ್ಕಳು.

"ಕೆಂಪು ತಿನ್ನು ಅಂದ್ರೆ ಹಸ್ರು ತಿಂತೀಯಲ್ಲೋ ಮಾರಾಯ. ನಿಂಗೆ ಕಾಣಲ್ಲ, ಕೊಡು ಇತ್ಲಾಗೆ."

ಅವನು ಜಾಯ್‌ಸ್ಟಿಕ್ ಕೊಟ್ಟು ಅಡುಗೆಮನೆಗೆ ನಮ್ಮ ಹತ್ತಿರ ಬಂದ. "ಅಮ್ಮಾ, ಮನೆಗೆ ಹೋಗಣ" ಅಂದ.

ಚಕ್ಕುಲಿ ಒತ್ತುತ್ತಿದ್ದ ಅಕ್ಕ, ನಾನು ಮುಖ ಮುಖ ನೋಡಿಕೊಂಡೆವು. ಇಬ್ಬರಿಗೂ ನೆನಪಾದದ್ದು ಒಂದೇ. ಅಕ್ಕ ಹಿಟ್ಟಿನ ಕೈಯಲ್ಲೇ ಎದ್ದು ಅವನನ್ನು ಟಿವಿ ಮುಂದೆ ಕೂರಿಸಿ ಕಿವಿಯಲ್ಲಿ ಹೇಳಿದಳು. "ಬಣ್ಣ ಬಿಡು ಪುಟ್ಟಾ. ತೊಟ್ಟು ನೋಡು. ಬಾಗಿದ್ರೆ ಹಣ್ಣು." ನಾನು ಟಿವಿಯ ರಿಮೋಟ್ ಹಿಡಿದು, ಸೆಟ್ಟಿಂಗ್ಸ್‌ನಲ್ಲಿ ಬಣ್ಣವನ್ನು ಪೂರ್ತಿ ಇಳಿಸಿಬಿಟ್ಟೆ. ಅಷ್ಟು ದೊಡ್ಡ ಟಿವಿ ನಮ್ಮ ಹೊಸನಗರದ ಟಿವಿಯ ಹಾಗಾಯಿತು.

"ಈಗ ಎಲ್ರೂ ಆಡಿ ನೋಡಣ" ಅಂದೆ.

ಅಕ್ಕನ ಮಗ ಬಿದ್ದ. ಶ್ರಾವ್ಯಳೂ ಬಿದ್ದಳು. "ಇದು ಮೋಸ ಚಿಕ್ಕಮ್ಮ, ಯಾವ್ದು ಎಂತದು ಅಂತ್ಲೇ ಗೊತ್ತಾಗ್ತಿಲ್ಲ" ಎಂದು ತಕರಾರು ಮಾಡಿದಳು. ಆಮೇಲೆ ಸುಹಾಸ ಕೂತ. ಮೊದಲನೇ ಹಣ್ಣಿನ ಹತ್ತಿರ ಮೊಲವನ್ನು ನಿಲ್ಲಿಸಿ, ಕಣ್ಣು ಕಿರಿದು ಮಾಡಿ ನೋಡಿ, ತಿಂದ. ಎರಡನೆಯದನ್ನೂ ನೋಡಿ ತಿಂದ. ಮುಂದಿನದನ್ನು ಹಾರಿ ದಾಟಿದ. ಬರಬರುತ್ತಾ ನಿಲ್ಲಿಸುವುದೇ ಬೇಡವಾಯಿತು. ನಾವಿಬ್ಬರೂ ಚಿಕ್ಕವರಿದ್ದಾಗ ಎಂದೂ ದಾಟಲಾಗದ ಸೇತುವೆಯನ್ನೂ ದಾಟಿದ. ಕೊನೆಗೆ ಮೊಲ ಬಾವಿಗೆ ಬಿತ್ತು, ಆದರೆ ಅಲ್ಲಿಯವರೆಗೆ ಒಂದೇ ಒಂದು ಕಾಯಿಯನ್ನೂ ತಿಂದಿರಲಿಲ್ಲ.

ಈಗ ಶ್ರಾವ್ಯಳ ಮೇಲೆ ಸೇಡು ತೀರಿಸಿಕೊಳ್ಳುತ್ತಾನೆ ಅಂದುಕೊಂಡೆ. ನಾನಾಗಿದ್ದರೆ ಖಂಡಿತ ಬಿಡುತ್ತಿರಲಿಲ್ಲ. ಅವನು ನನ್ನ ಕಡೆ ತಿರುಗಿ, "ಅಮ್ಮಾ, ಬಣ್ಣ ವಾಪಸ್ ಹಾಕು. ಪಾಪ, ಅವ್ರಿಗೆ ಬಣ್ಣ ಇಲ್ದೆ ಆಡಕ್ಕೆ ಬರಲ್ಲ" ಅಂದ.

ಕುಹಕವಾಗಿ ಹೇಳಿದ್ದಲ್ಲ, ನಿಜವಾಗಿಯೂ ಪಾಪ ಅನಿಸಿಯೇ ಹೇಳಿದ್ದು. ನಾನು ಬಣ್ಣ ಏರಿಸಿದೆ. ಅಕ್ಕ ಚಕ್ಕುಲಿಯ ನೆಪ ಹೇಳಿ ಒಳಗೆ ಹೋದಳು. ಶ್ರಾವ್ಯ ಅವನ ಪಕ್ಕಕ್ಕೆ ಸರಿದು, "ತೊಟ್ಟು ಎಲ್ಲಿ ಕಾಣತ್ತೋ, ತೋರ್ಸು" ಅಂದಳು.

ಈಗ ಬಣ್ಣದ ಡಬ್ಬಿ ಮತ್ತೆ ಹೊರಗೆ ಬಂದಿದೆ. ಎಲೆ ಆಗಾಗ ಕೆಂಪಾಗುತ್ತದೆ, ಆಗಲಿ. ತರಗತಿಯಲ್ಲಿ ಯಾರಿಗಾದರೂ ಲೆಕ್ಕ ಬಾರದೆ ಹೋದರೆ ಇವನು "ತೊಟ್ಟು ನೋಡೋ" ಅನ್ನುತ್ತಾನಂತೆ. ಮೊನ್ನೆ ಅವನ ಟೀಚರ್, "ಅದೆಂತದ್ರಿ ತೊಟ್ಟು?" ಎಂದು ಕೇಳಿದರು. ಅವರಿಗೆ ಬಸ್ಸಿಗೆ ಹೊತ್ತಾಗಿತ್ತು. ಆದರೂ ಬಿಡದೆ ನಿಲ್ಲಿಸಿಕೊಂಡು ಹೊಸನಗರದ ಹಿತ್ತಲಿನ ಚಿಕ್ಕು ಮರದಿಂದಲೇ ಕತೆ ಶುರು ಮಾಡಿದೆ.